ಹತ್ತದ ಕೆಂಪು ದೀಪ

ಮೊರಪ್ಪೂರಿನಿಂದ ಧರ್ಮಪುರಿಯ ಮಾರ್ಗವಾಗಿ ಸೇಲಂಗೆ ಹೊರಟ ಕಾರು ತೊಪ್ಪೂರು ಘಾಟಿಯನ್ನು ಇಳಿಯಲೇಬೇಕು. ಆ ಇಳಿಜಾರಿನಲ್ಲಿ ಚಾಲಕನ ಕಾಲು ಮತ್ತೆ ಮತ್ತೆ ಬ್ರೇಕಿನ ಮೇಲೆ ಹೋಗುತ್ತದೆ. ಹಿಂದೆ ಭಾರ ಹೊತ್ತ ಲಾರಿ ಬರುತ್ತಿರುತ್ತದೆ. ಮುಂದಿನ ವಾಹನ ನಿಧಾನವಾಗುತ್ತಿದೆ ಎಂದು ಲಾರಿಯ ಚಾಲಕನಿಗೆ ತಿಳಿಸುವವು ಬ್ರೇಕಿನ ಕೆಂಪು ದೀಪಗಳು. ಅವು ಹತ್ತದಿದ್ದರೆ, ಹಲವು ಕಾರುಗಳಲ್ಲಿ, ಒಳಗೆ ಕುಳಿತವರಿಗೆ ಯಾವ ಸುಳಿವೂ ದೊರೆಯುವುದಿಲ್ಲ.

ಮೊರಪ್ಪೂರು ರೈಲು ನಿಲ್ದಾಣವಿರುವ ಊರಾದ್ದರಿಂದ ಇಲ್ಲೊಂದು ಹೋಲಿಕೆ ಸಲ್ಲುತ್ತದೆ. ರೈಲ್ವೆಯಲ್ಲಿ ಹಳಿಗಳ ಮೂಲಕವೇ ಅಲ್ಪ ವಿದ್ಯುತ್ತನ್ನು ಹರಿಸಿ ಗಾಡಿಯ ಇರವನ್ನು ತಿಳಿಯುವ ಕ್ರಮವುಂಟು. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್‌ಸನ್ ಇದಕ್ಕೆ ದಾರಿ ತೋರಿದನು. ಅಲ್ಲಿ ತಂತಿ ತುಂಡಾದರೂ ಸಿಗ್ನಲ್ ಕೆಂಪಾಗುತ್ತದೆ; ಅಂದರೆ ದೋಷವು ತನ್ನನ್ನು ತಾನೇ ಸಾರಿಕೊಳ್ಳುತ್ತದೆ. ಕಾರಿನಲ್ಲಿ ಹಾಗಲ್ಲ. ತಂತಿ ತುಂಡಾದರೆ ಕೆಂಪೇ ಮಾಯವಾಗುತ್ತದೆ. ಆದುದರಿಂದ ಹುಡುಕಿ ನೋಡುವ ಹೊಣೆ ಮಾಲೀಕನ ಮೇಲೆ ಬೀಳುತ್ತದೆ.

ಏಳನೆಯ ತರಗತಿಯ ಮಗುವಿಗೂ ತಿಳಿದ ಪಾಠವಿದು: ಮಂಡಲ ಪೂರ್ಣವಾಗದೆ ದೀಪ ಬೆಳಗದು. ಕಾರಿನಲ್ಲಿ 12 ವೋಲ್ಟಿನ ಬ್ಯಾಟರಿಯಿಂದ ಹೊರಟ ಪ್ರವಾಹವು ಫ್ಯೂಸ್, ಬ್ರೇಕ್ ಪೆಡಲಿನ ಬಳಿಯ ಸ್ವಿಚ್ಚು, ಬಲ್ಬು ಇವನ್ನು ದಾಟಿ, ಕಾರಿನ ಲೋಹದ ಮೈಯನ್ನೇ ತಂತಿಯಾಗಿ ಬಳಸಿಕೊಂಡು ಹಿಂದಿರುಗುತ್ತದೆ. ಎರಡೂ ಬದಿಯ ದೀಪ ಹತ್ತದಿದ್ದರೆ ಮೊದಲು ಫ್ಯೂಸನ್ನೂ ಸ್ವಿಚ್ಚನ್ನೂ ಶಂಕಿಸಬೇಕು. ಒಂದೇ ಹತ್ತದಿದ್ದರೆ ಬಲ್ಬನ್ನೋ ಅದರ ಅರ್ತನ್ನೋ. ಬ್ರೇಕು ಒತ್ತಿದಾಗ ಸಂಬಂಧವಿಲ್ಲದ ಇನ್ನೊಂದು ದೀಪ ಮಂಕಾಗಿ ಮಿನುಗಿದರೆ, ತುಕ್ಕು ಹಿಡಿದ ಅರ್ತಿನ ಬಿಗಿತವನ್ನು ನೋಡುವುದು ಲೇಸು.

ಪರೀಕ್ಷೆಗೆ ಸಾಧಾರಣ ಮಲ್ಟಿಮೀಟರ್ ಸಾಕು. ಬ್ಯಾಟರಿಯ ಋಣ ತುದಿಯನ್ನು ಮೊದಲು ಬಿಚ್ಚಬೇಕು. ವಿದ್ಯುತ್ತಿರುವ ತಂತಿಯ ಮೇಲೆ ಈ ಪರೀಕ್ಷೆ ಸಲ್ಲದು. ಬಲ್ಬನ್ನೂ ಕಳಚಬೇಕು, ಏಕೆಂದರೆ ತಣ್ಣಗಿರುವ ಬಲ್ಬಿನ ತಂತುವಿನ ರೋಧ ಬಹಳ ಕಡಿಮೆ. ಅದರ ಮೂಲಕವೇ ಮೀಟರು ಸದ್ದು ಮಾಡಿ ದಾರಿ ತಪ್ಪಿಸೀತು. ಬಳಿಕ ತಂತಿಯ ಎರಡು ತುದಿಗಳಿಗೆ ಮೀಟರಿನ ಕಡ್ಡಿಗಳನ್ನು ತಾಗಿಸಿದರೆ, ಸದ್ದು ಬಂದರೆ ದಾರಿ ಇದೆ, ಬಾರದಿದ್ದರೆ ತುಂಡಾಗಿದೆ. ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳ ತಂಟೆಗೆ ಮಾತ್ರ ಹೋಗಬಾರದು.

ಆದರೆ ಸದ್ದನ್ನು ಪೂರ್ಣ ಸಾಕ್ಷ್ಯವೆಂದು ಒಪ್ಪಲಾಗದು. ಒಂದೇ ಎಳೆ ಉಳಿದ ತಂತಿಯೂ ಸದ್ದು ಮಾಡುತ್ತದೆ. 21 ವ್ಯಾಟಿನ ಬಲ್ಬಿಗೆ ಬೇಕಾದ ಸುಮಾರು ಒಂದೂಮುಕ್ಕಾಲು ಆಂಪಿಯರನ್ನು ಅದು ಸರಿಯಾಗಿ ಹೊರಲಾರದು. ಬ್ಯಾಟರಿಯನ್ನೂ ಬಲ್ಬನ್ನೂ ಮತ್ತೆ ಜೋಡಿಸಿ, ಬ್ರೇಕು ಒತ್ತಿಸಿ, ಬಲ್ಬಿನ ಬಳಿ ವೋಲ್ಟನ್ನು ಅಳೆದಾಗಲೇ ನಿಜ ಹೊರಬೀಳುವುದು. ಬ್ಯಾಟರಿಯಲ್ಲಿ 12 ಇದ್ದು ಬಲ್ಬಿನಲ್ಲಿ 9 ಮಾತ್ರ ಕಂಡರೆ, ನಡುವೆ ಎಲ್ಲೋ ಮೂರು ವೋಲ್ಟು ಸೋರುತ್ತಿದೆ.

ಸುಟ್ಟ ಫ್ಯೂಸಿನ ಜಾಗಕ್ಕೆ ಬೆಳ್ಳಿ ಕಾಗದ ಸುತ್ತುವವರನ್ನು, 10 ಆಂಪಿಯರಿನ ಕೆಂಪು ಫ್ಯೂಸಿನ ಬದಲು 30ರ ಹಸಿರನ್ನು ತುರುಕುವವರನ್ನು ಕುರಿತು ಏನು ಹೇಳುವುದು! ಫ್ಯೂಸಿಗಿಂತ ಮುಂಚೆ ತಂತಿಯೇ ಉರಿಯುವ ಏರ್ಪಾಡು ಅದು.

‘ದೀಪ ಹತ್ತದ್ದು ಗೊತ್ತಿರಲಿಲ್ಲ’ ಎಂಬ ಮಾತಿಗೆ ಕಾನೂನಿನಲ್ಲಿ ಹೆಚ್ಚು ಬೆಲೆಯಿಲ್ಲ. 1988ರ ಮೋಟಾರು ವಾಹನಗಳ ಅಧಿನಿಯಮದ 190ನೆಯ ಪ್ರಕರಣವು, ಅಪಾಯ ತರಬಲ್ಲ ದೋಷವು ಚಾಲಕನಿಗೆ ಗೊತ್ತಿದ್ದರೆ ಮಾತ್ರವಲ್ಲ, ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಬಹುದಾಗಿದ್ದರೂ ಅವನನ್ನು ಹೊಣೆ ಮಾಡುತ್ತದೆ. ವಾಹನವನ್ನು ಓಡಿಸಲು ಬಿಟ್ಟವನಿಗೂ ಅದು ಅನ್ವಯಿಸುತ್ತದೆ.

ಮೀಟರು ಇಲ್ಲದ ಮನೆಯವರೂ ಇಷ್ಟನ್ನು ಮಾಡಬಹುದು: ಎಂಜಿನ್ ಆರಿಸಿ, ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿ, ಕೈಬ್ರೇಕು ಎಳೆದು, ತಂದೆ ಪೆಡಲು ಒತ್ತಲಿ, ಮಗಳು ಹಿಂಬದಿಯ ಪಕ್ಕಕ್ಕೆ ನಿಂತು ಎರಡು ದೀಪವೋ ಒಂದೋ ಎಂದು ಕೂಗಿ ಹೇಳಲಿ. ಒಂಟಿಯಾಗಿದ್ದರೆ ರಾತ್ರಿ ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ, ಕನ್ನಡಿಯಲ್ಲಿ ಕೆಂಪು ಬೆಳಕು ಎರಡೂ ಬದಿಗೆ ಬಿದ್ದಿದೆಯೇ ಎಂದು ನೋಡಿಕೊಳ್ಳಬಹುದು.