ವಯಸ್ಸಾಗಿ ಬಿದ್ದದ್ದಲ್ಲ, ಪೆಡ್ಲ ಜಾರಿ ಬಿದ್ದದ್ದು

ಹೋದ ಶ್ರಾವಣದಾಗ ನಾ ಸೈಕಲ್ ಮ್ಯಾಲಿಂದ ಬಿದ್ದದ್ದು ನಿಮಗೆಲ್ಲಾರಿಗೂ ಗೊತ್ತೇ ಅದ. ಗೊತ್ತಿಲ್ಲದವರಿಗೆ ನಮ್ಮ ದೊಡ್ಡ ವೈನಿ ಫೋನ್ ಮಾಡಿ ಹೇಳ್ಯಾರ. ನಾ ಕಾಲಿಗೆ ಅರಿಷಿಣ ಹಚ್ಚಿಕೊಂಡು ಕೂತಾಗ ನೋಡಲಿಕ್ಕೆ ಬಂದವರೆಲ್ಲಾ ಚಹಾ ಕುಡದು ಹೇಳಿದ್ದು ಒಂದೇ ಮಾತು: "ಐವತ್ನಾಕು ವರ್ಷಕ್ಕ ಸೈಕಲ್ ಯಾಕ ಬೇಕ್ರಿ ನಿಮಗ? ರಿಕ್ಷಾ ಸಿಗೂದಿಲ್ಲೇನು?" ನಮ್ಮನಿಯವರಂತೂ ಸೈಕಲ್ ಒಯ್ದು ಹಿತ್ತಲದಾಗ ಹಳೇ ಗಾದಿ ಹಿಂದ ನಿಲ್ಲಿಸಿಬಿಟ್ರು. ಇಷ್ಟು ಮಂದಿ ಬಂದು ಹೋದರಲ್ಲಾ, ಒಬ್ಬರರೇ ಬಗ್ಗಿ ಆ ಪೆಡ್ಲ ನೋಡಿದ್ರೇನು? ಇಲ್ಲ. ಅದಕ್ಕ ಇವತ್ತು ಸಿಟ್ಟಿಲೇ ಬರೀಲಿಕ್ಕೆ ಕೂತೀನಿ.

ನನ್ನ ಲೇಡೀಸ್ ಸೈಕಲ್ಲಿಗೆ ಮೊದಲ ಇದ್ದದ್ದು ಹಳೇ ನಮೂನಿ ಪೆಡ್ಲ, ಎರಡು ದಪ್ಪ ರಬ್ಬರ್ ಗಟ್ಟಿ ಇರೋದು. ಭಾರ ಇದ್ದವು ಖರೆ, ಆದ್ರ ಮಳ್ಯಾಗ ಸುದ್ಧಾ ಚಪ್ಪಲಿ ಹಿಡಕೊಂಡು ಕೂಡ್ತಿತ್ತು. ಹದಿನೈದು ವರ್ಷ ತುಳಿದೆ. ರಬ್ಬರ್ ಸವೆದು ಬಿದ್ದ ಮ್ಯಾಲೆ ಅಂಗಡಿಗೆ ಒಯ್ದೆ. ಅಂವ ಒಂದು ಕರೇ ಪ್ಲಾಸ್ಟಿಕ್ ಜೋಡಿ ಹಾಕಿ, "ಮನಿ ಸುತ್ತಮುತ್ತ ಓಡಾಡಲಿಕ್ಕೆ ಇದು ಸಾಕ್ರೀ ಅಕ್ಕಾರ" ಅಂದ. ನಾನೂ ಹೂಂ ಅಂದೆ, ಅದು ನನ್ನ ತಪ್ಪು. ಒಂದು ವರ್ಷದಾಗ ಅದರ ಮ್ಯಾಲಿನ ಸಣ್ಣ ಹಲ್ಲೆಲ್ಲಾ ಸವೆದು ದ್ವಾಸಿ ಹಂಚಿನ ಹಂಗ ನುಣ್ಣಗ ಆಗಿತ್ತು. ಅವತ್ತು ಜಿಟಿಜಿಟಿ ಮಳಿ, ಕಾಲಾಗ ಹವಾಯಿ ಚಪ್ಪಲಿ, ಹ್ಯಾಂಡಲ್ಲಿಗೆ ಕಾಯಿಪಲ್ಲೆ ಚೀಲ. ಮಾಳಮಡ್ಡಿ ಕಡೆ ಏರು ಬಂತಂತ ಒತ್ತಿ ತುಳಿದೆ, ಕಾಲು ಮುಂದಕ್ಕ ಜಾರಿತು, ಪೆಡ್ಲ ಗರ್ರನೆ ತಿರುಗಿ ಮೊಣಕಾಲಿನ ಕೆಳಗ ಎಲುಬಿಗೆ ಬಡೀತು. ಇಪ್ಪತ್ತು ವರ್ಷದ ಹುಡುಗಿ ಕೂತಿದ್ರೂ ಬೀಳ್ತಿದ್ಲು.

ವಯಸ್ಸು ಏನೂ ಮಾಡೂದಿಲ್ಲ ಅಂತ ನಾ ಅನ್ನೂದಿಲ್ಲ. ಈಗ ಬಿದ್ರ ಎಲುಬು ಕೂಡಲಿಕ್ಕೆ ತಡಾ ಆಗ್ತದ. ಹಂಗಂದ್ರ ಪೆಡ್ಲ ಇನ್ನೂ ಛಲೋದು ಬೇಕಲ್ಲಾ? ಗಂಡಸರ ಸ್ಕೂಟರ್ ಜಾರಿದ್ರ ಮೊದಲ ಟಾಯರ್ ನೋಡ್ತಾರ, ಬ್ರೇಕ್ ನೋಡ್ತಾರ. ಹೆಂಗಸು ಜಾರಿದ್ರ ಆಕಿ ಹುಟ್ಟಿದ ವರ್ಷ ನೋಡ್ತಾರ!

ಆಮ್ಯಾಲೆ ನಮ್ಮ ತಂಗಿ ಮಗಾ ಬೆಂಗಳೂರಿಂದ ಒಂದು ಜೋಡಿ ಕಳಿಸಿದ. ಪಾಪ, ಪ್ರೀತಿಲೇ ಕಳಿಸ್ಯಾನ. ಅಲ್ಯೂಮಿನಿಯಮ್ಮಿನ ಅಗಲ ಪೆಡ್ಲ, ಮ್ಯಾಲೆ ಸಣ್ಣ ಸಣ್ಣ ಮೊಳಿ. ಗುಡ್ಡಾ ಹತ್ತೋ ಹುಡುಗರ ಶೂಸಿಗೆ ಅವು ಗಟ್ಟಿ ಹಿಡೀತಾವ, ಖರೆ. ನನ್ನ ಚಪ್ಪಲಿ ಎರಡು ದಿನದಾಗ ಕೆತ್ತಿ ಹೋತು, ಸೀರಿ ಅಂಚು ಒಮ್ಮೆ ಸಿಕ್ಕೊಂಡಿತು, ಸೈಕಲ್ ದಬ್ಬಿಕೊಂಡು ಹೋಗೂವಾಗ ಮೀನಗಂಡಕ್ಕ ಗೀರಿತು. "ಮೌಶಿ, ನೀನೂ ಶೂ ಹಾಕ್ಕೊ" ಅಂದ. ಒಲಿ ಮ್ಯಾಲೆ ಸಾರು ಇಟ್ಟು ಕೊತ್ತಂಬರಿ ತರಲಿಕ್ಕೆ ಓಡೋ ಹೆಂಗಸು ಶೂ ಲೇಸ್ ಕಟ್ಟಿಕೋತ ಕೂಡ್ತಾಳೇನು? ಕಾಲಾಗ ಏನು ಇರ್ತದೋ ಅದಕ್ಕ ತಕ್ಕ ಪೆಡ್ಲ ಆರಿಸಬೇಕು. ಇನ್ನ ಶೂ ಒಳಗ ಕೊಕ್ಕಿ ಸಿಗಸೋ ರೇಸಿನ ಪೆಡ್ಲ ಇರ್ತಾವ, ಅವು ನಮಗಲ್ಲ. ಮೂಲಿಗೊಮ್ಮೆ ಮಾತಾಡಲಿಕ್ಕೆ ಇಳಿಯೋ ಮಂದಿ ನಾವು.

ಈಗ ನಾ ಹಾಕಿಸಿದ್ದು ಹೇಳ್ತೀನಿ ಕೇಳ್ರಿ. ಅಗಲ ಇರಬೇಕು, ಬೆರಳಿನ ಹಿಂದಿನ ಉಬ್ಬು ಪೂರಾ ಕೂಡೋ ಅಷ್ಟು. ಎರಡೂ ಮೈ ಒಂದೇ ಥರಾ ಇರಬೇಕು, ತುಳಿಯೂವಾಗ ಕೆಳಗ ನೋಡೋ ಗರಜು ಬೀಳಬಾರದು. ಮ್ಯಾಲೆ ರಬ್ಬರ್ ಇರಲಿ, ಇಲ್ಲಾ ಉಸುಕಿನ ಕಾಗದದ ಹಂಗ ಒರಟು ಹಾಳಿ ಅಂಟಿಸಿದ್ದು ಇರಲಿ. ಅಂಚು ದುಂಡಗಿರಲಿ. ಕೈಲೆ ತಿರುವಿ ನೋಡ್ರಿ, ಸದ್ದಿಲ್ಲದ ತಿರುಗಬೇಕು, ಅಲ್ಲಾಡಬಾರದು. ಮುಂದ ಹಿಂದ ಕೆಂಪು-ಹಳದಿ ಹೊಳಿಯೋ ಬಿಲ್ಲೆ ಇದ್ರ ಸಂಜಿಮುಂದ ಗಾಡಿಯವರಿಗೆ ಕಾಣ್ತದ. ಮತ್ತ ಅಂಗಡಿಗೆ ಹೋಗೂವಾಗ ದಿನಾ ಹಾಕೋ ಚಪ್ಪಲಿನೇ ಹಾಕ್ಕೊಂಡು ಹೋಗ್ರಿ, ಪೆಡ್ಲ ನೆಲದ ಮ್ಯಾಲೆ ಇಟ್ಟು ಕಾಲಿಟ್ಟು ನೋಡ್ರಿ. ಅಂವ ನಕ್ರ ನಗಲಿ.

ತಿರುಪಿನ ಅಳತಿನೂ ಕೇಳ್ರಿ. ದೊಡ್ಡವರ ಸೈಕಲ್ಲಿಗೆ ಹೆಚ್ಚಾಗಿ 9/16 ಇಂಚು, ಕೆಲವು ಹುಡುಗರ ಸೈಕಲ್ಲಿಗೆ 1/2 ಇಂಚು. ಎಡಗಡೆ ಪೆಡ್ಲಿನ ತಿರುಪು ಉಲ್ಟಾ ಇರ್ತದ, ತುಳಿದು ತುಳಿದು ಸಡಲ ಆಗಬಾರದು ಅಂತ. ನಮ್ಮನಿಯವರು ಅರ್ಧಾ ತಾಸು ಬೆವರು ಸುರಿಸಿ ಎಡಗಡೆದು ಬಿಚ್ಚಲಿಕ್ಕೆ ಹೋಗಿ ಇನ್ನಷ್ಟು ಬಿಗಿ ಮಾಡಿದ್ರು! ಪಾನಾ ನೆಟ್ಟಗ ಮ್ಯಾಲಕ್ಕ ನಿಲ್ಲಿಸಿ, ಬಿಚ್ಚೂವಾಗ ಹಿಂದಿನ ಗಾಲಿ ಕಡೆ, ಬಿಗಿ ಮಾಡೂವಾಗ ಮುಂದಿನ ಗಾಲಿ ಕಡೆ ತಿರುವ್ರಿ. ಎರಡೂ ಕಡೆಗೆ ಇದೇ ಲೆಕ್ಕ. ತಿರುಪಿಗೆ ಒಂಚೂರು ಗ್ರೀಸ್ ಹಚ್ಚಿದ್ರ ಮುಂದ ತುಕ್ಕು ಹಿಡದು ಕೂಡೂದಿಲ್ಲ.

ನನಗ ಖರೆ ಸಿಟ್ಟು ಬಂದದ್ದು ಮತ್ತೊಂದಕ್ಕ. ನಮ್ಮನಿ ಕೆಲಸಕ್ಕ ಬರೋ ಹೆಣ್ಣಮಗಳು ಕೆಲಗೇರಿ ಕಡೆಯಿಂದ ಸೈಕಲ್ ಮ್ಯಾಲೆ ಬರ್ತಾಳ, ನಾಕು ಮನಿ ಕೆಲಸ. ಅದು ಆಕಿ ಮಗಳ ಸಾಲಿ ಸೈಕಲ್ಲು. 2006-07ರಿಂದ ಸರಕಾರ ಎಂಟನೇತ್ತೆ ಹುಡುಗರಿಗೆ ಕೊಡ್ತಿತ್ತಲ್ಲಾ, ಅದು. ಮಗಳ ಲಗ್ನ ಆತು, ಸೈಕಲ್ ಅವ್ವಗ ಉಳೀತು. ಮೊನ್ನೆ ನೋಡ್ತೀನಿ, ಒಂದು ಕಡೆ ಪೆಡ್ಲನ ಇಲ್ಲ, ಬರೇ ಕಬ್ಬಿಣದ ಸಳಿ. ಆ ಸಳಿ ಮ್ಯಾಲೆ ಅಂಗಾಲು ಒತ್ತಿ ತುಳೀತಾಳ, ಅಂಗಾಲಿನಾಗ ಗಂಟು ಕಟ್ಟ್ಯಾವ. "ಕಾಲು ನೋಯ್ತಾವ ಅಮ್ಮಾರ, ವಯಸ್ಸಾತು" ಅಂದ್ಲು. ಆಕಿಗೆ ನಲವತ್ತೊಂದು.

ನಾ ತಗೊಂಡದ್ದರಂಥದೇ ಒಂದು ಜೋಡಿ ತಂದು ನಾನೇ ಹಾಕಿಕೊಟ್ಟೆ. ಎಂಟು ದಿನಾ ಆದ ಮ್ಯಾಲೆ ಕೇಳಿದೆ, "ಈಗ ಕಾಲು ಹೆಂಗದಾವ?" ಅಂತ. "ಸಂಜಿಮುಂದ ಬಿಸಿನೀರಾಗ ಇಡೋದು ಬಿಟ್ಟೀನ್ರಿ" ಅಂದ್ಲು.

ನನ್ನ ಸೈಕಲ್ ಗಾದಿ ಹಿಂದಿನಿಂದ ಹೊರಗ ಬಂದದ. ಶನಿವಾರ ಮುಂಜಾನೆ ಸುಭಾಸ ರೋಡಿಗೆ ಹೊಂಟೀನಿ. ಯಾರಿಗರೇ ಪೆಡ್ಲ ಬದಲಸೋದು ಇದ್ರ ದಿನಾ ಹಾಕೋ ಚಪ್ಪಲಿ ಹಾಕ್ಕೊಂಡು ಬರ್ರಿ. ಹದಿನೈದು ನಂಬರಿನ ಪಾನಾ ನನ್ನ ಹತ್ರ ಅದ.