ಹಮಾಲರ ಬೆನ್ನಿಗೂ ಒಂದು ಕಾನೂನು ಬೇಕು

ಯಶವಂತಪುರದ ಎಪಿಎಂಸಿ ಯಾರ್ಡಿಗೆ ಈರುಳ್ಳಿ ಲಾರಿ ಬಂದು ನಿಂತರೆ ಮೊದಲು ಬೇಕಾಗುವವರು ಹಮಾಲರು. ಇಬ್ಬರು ಮೇಲಿಂದ ಮೂಟೆ ಜಾರಿಸುತ್ತಾರೆ. ಕೆಳಗಿದ್ದವನು ಅದನ್ನು ಬೆನ್ನಿಗೇರಿಸಿಕೊಂಡು, ಸೊಂಟ ಬಗ್ಗಿಸಿ, ಅರೆ ಓಟದಲ್ಲಿ ಮಂಡಿಯೊಳಗೆ ಹೋಗುತ್ತಾನೆ. ಕೂಲಿ ಮೂಟೆ ಲೆಕ್ಕದಲ್ಲಿ, ನಿಧಾನಿಸಿದರೆ ನಷ್ಟ ಅವನದೇ. ವಯಸ್ಕ ಪುರುಷ ಹೊರುವ ಭಾರ 55 ಕೆ.ಜಿ. ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಶಿಫಾರಸು ಮಾಡಿದ್ದು 1967ರಲ್ಲಿ. ಮಂಡಿಯ ತಕ್ಕಡಿಗೆ ಅದು ಇನ್ನೂ ತಲುಪಿದಂತಿಲ್ಲ.

ಮಹಾರಾಷ್ಟ್ರ 1969ರಲ್ಲೇ ಹಮಾಲರಿಗಾಗಿ ಮಾಥಾಡಿ ಕಾಯ್ದೆ ತಂದಿತು. ಅಲ್ಲಿ ನೋಂದಾಯಿತ ಹಮಾಲರ ಕೂಲಿಯ ಜೊತೆಗೆ ವರ್ತಕರು ಕಾಯ್ದೆಯಡಿ ರಚಿತವಾದ ಮಂಡಳಿಗೆ ಲೆವಿಯನ್ನೂ ಕಟ್ಟಬೇಕು. ಭವಿಷ್ಯನಿಧಿ, ಗ್ರಾಚ್ಯುಟಿ ಅದರಿಂದಲೇ. ಆ ವ್ಯವಸ್ಥೆಯಲ್ಲಿ ಹುಳುಕಿಲ್ಲವೆಂದಲ್ಲ. ಮಾಥಾಡಿ ಹೆಸರಿನಲ್ಲಿ ಸುಲಿಗೆ ನಡೆಯುತ್ತದೆಂಬ ದೂರು ಅಲ್ಲಿನ ಉದ್ಯಮಿಗಳದ್ದು. ಕೇರಳದಲ್ಲೂ 1978ರ ತಲೆಹೊರೆ ಕಾರ್ಮಿಕರ ಕಾಯ್ದೆಯಿದೆ. ನಮ್ಮಲ್ಲಿ? ಅಂಬೇಡ್ಕರ್ ಕಾರ್ಮಿಕ ಸಹಾಯಹಸ್ತ ಯೋಜನೆಯಡಿ ಹಮಾಲರಿಗೆ ಸ್ಮಾರ್ಟ್ ಕಾರ್ಡ್, ಅಪಘಾತ ಪರಿಹಾರ. ಸರಿ, ಆದರೆ ಲಾರಿಯಿಂದ ಬಿದ್ದವನಿಗೆ ಸಿಗುವ ನೆರವು, ಇಪ್ಪತ್ತು ವರ್ಷ ಹೊತ್ತು ಬೆನ್ನು ಸವೆಸಿಕೊಂಡವನಿಗೆ ಸಿಗದು.

ಗಿಗ್ ಕಾರ್ಮಿಕರಿಗಾಗಿ ಕಂಪನಿಗಳಿಂದ ಕಲ್ಯಾಣ ಶುಲ್ಕ ವಸೂಲಿಸುವ ಕಾನೂನನ್ನು ಕರ್ನಾಟಕ ಸರ್ಕಾರವೇ 2025ರಲ್ಲಿ ಮಾಡಿದೆ. ಹಮಾಲರಿಗೂ ಅಂಥದೊಂದು ಮಸೂದೆಯನ್ನು ಕಾರ್ಮಿಕ ಇಲಾಖೆ ಮುಂದಿನ ಅಧಿವೇಶನದಲ್ಲೇ ಮಂಡಿಸಬೇಕು.