ಮಾತ್ರೆ ನನ್ನದು, ಚರಂಡಿ ಎಲ್ಲರದು

ಕಳೆದ ವರ್ಷ ಸಂದರ್ಶನದ ಹಿಂದಿನ ದಿನ ಮೂಗು ಸೋರತೊಡಗಿತು, ಗಂಟಲು ಕಟ್ಟಿತು. ಬಿಟಿಎಂ ಬಡಾವಣೆಯ ಪಿ.ಜಿ.ಯಿಂದ ಇಳಿದು ಮೂಲೆಯ ಮೆಡಿಕಲ್ ಶಾಪ್‌ಗೆ ಹೋಗಿ ‘ಅಜಿತ್ರೊಮೈಸಿನ್ ಕೊಡಿ’ ಎಂದೆ. ಅವರು ಚೀಟಿ ಕೇಳಲಿಲ್ಲ, ನನ್ನ ಬಳಿ ಇರಲೂ ಇಲ್ಲ. ಡಾಕ್ಟರ ಫೀಸು ಐನೂರು. ಮಾತ್ರೆಗೆ ಅದರ ಕಾಲುಭಾಗವೂ ಇಲ್ಲ. ಕೆಲಸ ಹುಡುಕುವವನ ಲೆಕ್ಕ ಇಷ್ಟೇ. ಮೂರು ನುಂಗಿದೆ. ಉಳಿದ ಎರಡನ್ನು ಕೊಠಡಿ ಗುಡಿಸುವಾಗ ಶೌಚಾಲಯಕ್ಕೆ ಹಾಕಿದೆ.

ನೆಗಡಿ ಬರುವುದು ವೈರಸ್‌ನಿಂದ; ಆ್ಯಂಟಿಬಯಾಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಮೇಲೆ. ಈ ವ್ಯತ್ಯಾಸ ನನಗೆ ನಾಟಿದ್ದು ಊರಲ್ಲಿ ಅಮ್ಮನಿಗೆ ಮೂತ್ರದ ಸೋಂಕು ಬಂದಾಗ. ಮೊದಲು ಕೊಟ್ಟ ಮಾತ್ರೆಗೆ ಕಡಿಮೆಯಾಗಲಿಲ್ಲ, ಎರಡನೆಯದಕ್ಕೂ ಇಲ್ಲ. ಕಲ್ಚರ್ ವರದಿಯಲ್ಲಿ ಔಷಧಗಳ ಹೆಸರಿನ ಮುಂದೆ ಸಾಲಾಗಿ ‘ಆರ್’ ಅಕ್ಷರ. ಆ ಔಷಧಕ್ಕೆ ರೋಗಾಣು ಬಗ್ಗುವುದಿಲ್ಲ ಎಂದು ಅರ್ಥವಂತೆ. ಏಳು ದಿನ ಆಸ್ಪತ್ರೆಯಲ್ಲಿಟ್ಟು ಇಂಜೆಕ್ಷನ್ ಕೊಡಿಸಬೇಕಾಯಿತು. ಕೋಚಿಂಗ್‌ಗೆಂದು ಎತ್ತಿಟ್ಟ ಹಣ ಅಲ್ಲಿಗೇ ಮುಗಿಯಿತು.

ನಾನು ನುಂಗಿದ ಮಾತ್ರೆಗೂ ಇನ್ನೊಬ್ಬರ ಸೋಂಕಿಗೂ ಏನು ಸಂಬಂಧ? ಸಂಬಂಧ ಚರಂಡಿಯಲ್ಲಿದೆ. ನುಂಗಿದ ಆ್ಯಂಟಿಬಯಾಟಿಕ್‌ನ ಒಂದಂಶ ಹಾಗೆಯೇ ದೇಹದಿಂದ ಹೊರಬರುತ್ತದೆ. ಮನೆ, ಹಾಸ್ಟೆಲ್, ಆಸ್ಪತ್ರೆಗಳದ್ದೆಲ್ಲ ಕೊಳಚೆಯಲ್ಲಿ ಒಂದಾಗುತ್ತದೆ. ಅಲ್ಲಿ ಔಷಧವನ್ನು ತಡೆದುಕೊಂಡು ಉಳಿದ ಬ್ಯಾಕ್ಟೀರಿಯಾ ಆ ಗುಣದ ಜೀನ್ ಅನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲದು. 2011ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನವೊಂದರಲ್ಲಿ, ಬೀದಿಬದಿ ನಿಂತ ನೀರಿನಂಥ 171 ಮಾದರಿಗಳ ಪೈಕಿ 51ರಲ್ಲಿ, ನಲ್ಲಿ ನೀರಿನ 50 ಮಾದರಿಗಳ ಪೈಕಿ 2ರಲ್ಲಿ ಎನ್‌ಡಿಎಂ–1 ಜೀನ್ ಸಿಕ್ಕಿತ್ತು. ಬೇರೆಲ್ಲ ಸೋತಾಗ ಬಳಸುವ ಔಷಧಗಳನ್ನೂ ಸೋಲಿಸುವ ಜೀನ್ ಅದು.

ನಮ್ಮದು ಕೋಲಾರ ಜಿಲ್ಲೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರು ನಮ್ಮ ಕಡೆಯ ಕೆರೆಗಳಿಗೆ ಬರುತ್ತಿದೆ. ಒಣಗಿದ ಕೆರೆಯಲ್ಲಿ ನೀರು ಕಂಡು ಹಿಗ್ಗಿದವನು ನಾನು. ಆ ನೀರನ್ನು ದೂರುವುದಿಲ್ಲ. ಅಮ್ಮನ ಸೋಂಕು ಅದರಿಂದ ಬಂತೆಂದೂ ಹೇಳುತ್ತಿಲ್ಲ. ಆದರೆ ಸಾಮಾನ್ಯ ಸಂಸ್ಕರಣಾ ಘಟಕಗಳನ್ನು ಕಟ್ಟಿರುವುದು ಇಂಥ ಜೀನ್‌ಗಳನ್ನು ಹಿಡಿಯಲೆಂದಲ್ಲ. ಪಿ.ಜಿ.ಯ ಶೌಚಾಲಯಕ್ಕೆ ಹಾಕಿದ್ದು ಅಲ್ಲಿಗೇ ಮುಗಿಯಿತು ಎಂದುಕೊಳ್ಳುವ ಧೈರ್ಯ ಈಗ ನನಗಿಲ್ಲ.

ಆ್ಯಂಟಿಬಯಾಟಿಕ್ ಅನ್ನು ಚೀಟಿ ಇಲ್ಲದೆ ಮಾರುವಂತಿಲ್ಲ ಎನ್ನುತ್ತದೆ ಕಾನೂನು. ಸ್ಟ್ರಿಪ್ ಮೇಲಿನ ಕೆಂಪು ಗೆರೆ ಹೇಳುವುದೂ ಅದನ್ನೇ. ಮಾರಿದವರ ತಪ್ಪಿದೆ, ನಿಜ. ಕೇಳಿದವನು ನಾನಲ್ಲವೇ? ಉಳಿದ ಮಾತ್ರೆಗಳನ್ನು ವಾಪಸ್ ಪಡೆಯುವ ಡಬ್ಬಿ ಪ್ರತಿ ಮೆಡಿಕಲ್ ಶಾಪ್‌ನಲ್ಲೂ ಇರಲಿ ಎಂದು ಸರ್ಕಾರವನ್ನು ಒತ್ತಾಯಿಸೋಣ. ಅದು ಬರುವವರೆಗೆ ನಮ್ಮ ಕೈಲಾಗುವುದೂ ಇದೆ. ಸರ್ಕಾರದ ‘ನಮ್ಮ ಕ್ಲಿನಿಕ್’ಗಳಲ್ಲಿ ಡಾಕ್ಟರು ಉಚಿತವಾಗಿ ನೋಡುತ್ತಾರೆ. ನಗರಕ್ಕೆ ಬಂದು ಎರಡು ವರ್ಷವಾದರೂ ನಾನು ಅಂಥದೊಂದರ ದಾರಿ ಕೇಳಿರಲಿಲ್ಲ.

ಮೊನ್ನೆ ರೂಮ್‌ಮೇಟ್ ಕೆಮ್ಮುತ್ತಾ ‘ಅಜಿತ್ರೊ ಇದ್ಯೇನೋ?’ ಎಂದ. ‘ಇಲ್ಲ ಕಣೋ, ಬಾ’ ಎಂದು ಕ್ಲಿನಿಕ್‌ಗೆ ಕರೆದೊಯ್ದೆ. ಡಾಕ್ಟರು ಪರೀಕ್ಷಿಸಿ, ‘ಆ್ಯಂಟಿಬಯಾಟಿಕ್ ಬೇಡ. ಬಿಸಿನೀರು ಕುಡಿ, ಜ್ವರ ಬಂದರೆ ಪ್ಯಾರಾಸಿಟಮಾಲ್ ತಗೋ’ ಎಂದರು. ನಾಲ್ಕೇ ದಿನದಲ್ಲಿ ಎದ್ದು ಓಡಾಡಿಕೊಂಡಿದ್ದ.